ರೊಟ್ಟಿಗೆ ನಿಲ್ಲುವ ಪ್ರಾರ್ಥನೆ

ಆ ಮನೆಯಲ್ಲಿ ಊಟಕ್ಕೆ ಮುಂಚೆ ಎಲ್ಲರೂ ಸೇರಿ ಪ್ರಾರ್ಥನೆ ಹೇಳುವಾಗ ಬೇಕರಿಯವನ ದನಿ ರೊಟ್ಟಿಯವರೆಗೆ ಬಂದು ನಿಂತುಬಿಡುತ್ತಿತ್ತು. ಪರಲೋಕದ ತಂದೆಯನ್ನು ಕರೆಯುವುದು, ಅವನ ಹೆಸರನ್ನು ಹೊಗಳುವುದು, ಅವನಿಷ್ಟದಂತೆ ನಡೆಯಲಿ ಅನ್ನುವುದು, ಎಲ್ಲವನ್ನೂ ಬೀದಿಗೆ ಕೇಳುವ ಹಾಗೆ ಹೇಳುತ್ತಿದ್ದ. ಇವತ್ತಿನ ರೊಟ್ಟಿ ಇವತ್ತು ಕೊಡಪ್ಪ ಎಂದು ಕೇಳುವ ಸಾಲಿಗಂತೂ ಎದೆ ಉಬ್ಬಿಸಿ ನಿಲ್ಲುತ್ತಿದ್ದ. ಅದರ ಮುಂದಿನ ಸಾಲು, ಅದೇ, ಬೇರೆಯವರು ನಮಗೆ ಮಾಡಿದ್ದನ್ನು ನಾವು ಮನ್ನಿಸುತ್ತೇವೆ, ನಾವು ಮಾಡಿದ್ದನ್ನು ನೀನು ಮನ್ನಿಸು ಅನ್ನುವ ಸಾಲು ಬಂತೋ, ಬಾಯಿಗೆ ಬೀಗ. ಸಾಲು ಮುಗಿದ ಮೇಲೆ ಮತ್ತೆ ಸೇರಿಕೊಳ್ಳುತ್ತಿದ್ದ, ತಪ್ಪಿಹೋದ ಬಸ್ಸನ್ನು ಮುಂದಿನ ತಿರುವಿನಲ್ಲಿ ಓಡಿ ಹತ್ತಿದವನ ಹಾಗೆ.

"ಬೇಕರಿಯವನಲ್ವಾ, ರೊಟ್ಟಿಯಿಂದ ಆಚೆಗೆ ಅವನಿಗೆ ವ್ಯಾಪಾರ ಇಲ್ಲ" ಎಂದು ಅವನ ತಾಯಿ ಹೇಳುತ್ತಿದ್ದಳು. ಎಂಬತ್ತೆರಡರ ಮುದುಕಿ. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ತನಗೆ ಬೇಕಾದದ್ದನ್ನು ಮಾತ್ರ ಕೇಳುತ್ತಿತ್ತು.

ಹದಿನಾಲ್ಕು ವರ್ಷದಿಂದ ಹೀಗೇ. ಯಾಕೆ ಅಂತ ಮನೆಯವರು ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತು ಅನ್ನುವುದೇ ಕಾರಣ. ತಮ್ಮನನ್ನು ಮನ್ನಿಸಲು ಇವನಿಂದ ಆಗುವುದಿಲ್ಲ, ಆಗದ್ದನ್ನು ದೇವರ ಮುಂದೆ ಆಗುತ್ತದೆ ಎಂದು ಹೇಳುವ ಜಾತಿಯವನೂ ಇವನಲ್ಲ. ಹಾಗೆ ತಿಳಿದುಕೊಂಡಿದ್ದರು. ಪಾದ್ರಿಗಳು ಕೂಡ ಒಮ್ಮೆ, "ಬಾಯಿ ಸುಳ್ಳು ಹೇಳೋದಕ್ಕಿಂತ ಸುಮ್ಮನಿರೋದು ಮೇಲು ಬಿಡಿ" ಎಂದು ಬೆನ್ನು ತಟ್ಟಿ ಹೋಗಿದ್ದರು. ಬೆನ್ನು ತಟ್ಟಿಸಿಕೊಂಡವನು ಆ ಹೊತ್ತು ಊಟ ಬಿಟ್ಟಿದ್ದ.

ಕೆಳಗೆ ಬೇಕರಿ, ಮೇಲೆ ಮನೆ. ರಸ್ತೆಯ ಕಡೆಗೆ ಅಂಗಡಿ, ಅದರ ಹಿಂದೆ ಹಿಟ್ಟಿನ ಕೋಣೆ, ಅದರ ಹಿಂದೆ ಇಟ್ಟಿಗೆಯ ಭಟ್ಟಿ. ಹಿಟ್ಟಿನ ಕೋಣೆಯ ಮೂಲೆಯಿಂದ ಒಂದು ಮರದ ಮೆಟ್ಟಿಲು ನೆಟ್ಟಗೆ ಮೇಲಿನ ಅಡುಗೆಮನೆಗೆ ಹತ್ತುತ್ತಿತ್ತು. ಆ ಬಾಗಿಲು ತೆರೆದಿದ್ದರೆ ಕೆಳಗಿನ ಮಾತು ಮೇಲೆ, ಮೇಲಿನ ಜಗಳ ಕೆಳಗೆ. ಬೇಕರಿಯವನ ಹೆಂಡತಿ ಮಾತ್ರ ಹದಿನಾಲ್ಕು ವರ್ಷದಿಂದ ಆ ಮೆಟ್ಟಿಲು ಇಳಿದಿರಲಿಲ್ಲ. ಅಂಗಡಿಗೆ ಹೋಗಬೇಕಾದರೆ ಹೊರಗಿನ ಮೆಟ್ಟಿಲಿಳಿದು ಬೀದಿ ಸುತ್ತಿ ಹೋಗುತ್ತಿದ್ದಳು, ಮಳೆಯಿರಲಿ ಬಿಸಿಲಿರಲಿ.

ಒಂದು ಸೋಮವಾರ ಹಿಟ್ಟಿನ ಮೂಟೆ ಎತ್ತುವಾಗ ಬೇಕರಿಯವನ ಹೊಟ್ಟೆಯ ಕೆಳಗೆ ಏನೋ ಸರಕ್ಕೆಂದಿತು. ಡಾಕ್ಟರು ಹರ್ನಿಯಾ ಅಂದರು, ಕೊಯ್ದರು, ಹೊಲಿದರು. ಮನೆಗೆ ಕಳಿಸುವಾಗ, "ಆರು ವಾರ ಭಾರ ಎತ್ತೋ ಹಾಗಿಲ್ಲ" ಅಂದರು.

"ಮೂಟೆ ಎತ್ತಲ್ಲ ಡಾಕ್ಟ್ರೇ. ಕಲಸಿದ ಹಿಟ್ಟು?"

"ಏನೂ ಎತ್ತಬೇಡಿ."

"ಬ್ರೆಡ್ಡಿನ ಅಚ್ಚು?"

"ಸೌಟು ಎತ್ತಿ. ಅದೂ ನಿಮ್ಮ ಹೆಂಡ್ತಿ ಕೊಟ್ರೆ."

ಆರು ವಾರ ಬೇಕರಿ ಮುಚ್ಚಿದರೆ ಗಿರಾಕಿ ಎದುರಿನ ರಸ್ತೆಯ ಬೇಕರಿಗೆ ಹೋಗುತ್ತದೆ, ಹೋದದ್ದು ವಾಪಸು ಬರುವುದಿಲ್ಲ. ಆ ಇಟ್ಟಿಗೆ ಭಟ್ಟಿಯ ಮರ್ಜಿ ತಿಳಿದವರು ಭೂಮಿಯ ಮೇಲೆ ಇಬ್ಬರೇ. ಒಬ್ಬ ಹೊಟ್ಟೆಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ. ಇನ್ನೊಬ್ಬ, ಅವನ ತಮ್ಮ, ಊರಾಚೆಯ ದೊಡ್ಡ ಆಸ್ಪತ್ರೆಯ ಅಡುಗೆಮನೆಯಲ್ಲಿ ರೋಗಿಗಳಿಗೆ ಬ್ರೆಡ್ಡು ಸುಡುತ್ತಿದ್ದ.

ಮಧ್ಯಾಹ್ನ ಗಂಜಿಯ ತಟ್ಟೆ ಹಿಡಿದು ಅಜ್ಜಿ ಮಗನ ಹಾಸಿಗೆಯ ಪಕ್ಕ ಕೂತಳು. "ಚಿಕ್ಕೋನಿಗೆ ಹೇಳಿ ಕಳಿಸಿದೀನಿ. ರಜ ಹಾಕಿ ಬರ್ತಾನೆ."

"ಯಾರನ್ನ ಕೇಳಿ ಕಳಿಸ್ದೆ?"

"ಏನಂದೆ? ಈ ಕಿವಿ ಕೇಳಲ್ಲ."

"ಅವನು ಈ ಮನೆ ಹೊಸ್ತಿಲು ತುಳಿಯೋ ಹಾಗಿಲ್ಲ ಅಂತ ಹೇಳಿದೀನಿ."

"ಮನೆ ಹೊಸ್ತಿಲು ಮೇಲಿದೆ. ಅವನು ಕೆಳಗಿರ್ತಾನೆ. ಬಾಯಿ ತೆಗಿ, ಗಂಜಿ ಆರತ್ತೆ."

ಬೇಕರಿಯವನು ಹೆಂಡತಿಯ ಮುಖ ನೋಡಿದ. ಅವಳು ಬಾಗಿಲ ಹತ್ತಿರ ನಿಂತು ಬಟ್ಟೆ ಮಡಿಸುತ್ತಿದ್ದಳು. "ನನ್ನನ್ಯಾಕೆ ನೋಡ್ತೀರಾ? ನಂಗೂ ಅವನ ಮುಖ ಬೇಡ. ಆದ್ರೆ ಭಟ್ಟಿ ತಣ್ಣಗಾದ್ರೆ ಒಲೆನೂ ತಣ್ಣಗಾಗತ್ತೆ. ಕೆಲಸ ಮಾಡ್ಲಿ, ಹೋಗ್ಲಿ."

ಮಗಳು ಹಿಟ್ಟಿನ ಕೋಣೆ ಗುಡಿಸಿಡಲು ಕೆಳಗಿಳಿದಳು. ಇಪ್ಪತ್ತೇಳು ವಯಸ್ಸು, ಅಂಗಡಿಯ ಗಲ್ಲಾ ಅವಳದ್ದೇ. ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು, ಎರಡೇ. ಶಾಲೆಯಲ್ಲಿ ಅವಳನ್ನು 'ಏಳು' ಎಂದು ಕರೆಯುತ್ತಿದ್ದರು. ಮೊದಲು ಅತ್ತಳು, ಆಮೇಲೆ ಆ ಹೆಸರನ್ನು ತಾನೇ ಎತ್ತಿಕೊಂಡಳು. ಬನ್ನು ಎಷ್ಟು ಉಳಿದಿದೆ ಎಂದು ಯಾರಾದರೂ ಕೇಳಿದರೆ ಎರಡೂ ಕೈ ಎತ್ತಿ ಹಿಡಿದು, "ಇಷ್ಟೇ, ಏಳು" ಅನ್ನುತ್ತಿದ್ದಳು. ಹೊಸ ಗಿರಾಕಿಗಳು ನಗಬೇಕೋ ಬೇಡವೋ ತಿಳಿಯದೆ ಒದ್ದಾಡುತ್ತಿದ್ದರು.

ಬುಧವಾರ ಬೆಳಿಗ್ಗೆ ಐದೂವರೆಗೆ ಕೆಳಗೆ ಬಾಗಿಲು ತೆರೆದ ಸದ್ದು. ಮೂಟೆ ಇಳಿಸಿದ ಸದ್ದು. ನೀರು ಅಳೆದು ಸುರಿದ ಸದ್ದು. ಬೇಕರಿಯವನು ಮಲಗಿದ್ದಲ್ಲೇ ಒಂದೊಂದನ್ನೂ ಲೆಕ್ಕ ಹಿಡಿಯುತ್ತಿದ್ದ. ಇನ್ನು ಯಂತ್ರ ಶುರುವಾಗಬೇಕು ಅನ್ನುವಾಗ ಕೆಳಗಿನಿಂದ ಒಂದು ಕೂಗು ಬಂತು.

"ಕೈ?"

ಮತ್ತೆ ಅದೇ ದನಿ, ಸ್ವಲ್ಪ ಮೆಲ್ಲಗೆ: "ಎರಡೂ ಇಲ್ಲಿವೆ." ಆಮೇಲೆ ಗುಂಡಿ ಒತ್ತಿದ ಸದ್ದು, ಹಿಟ್ಟು ಕಲಸುವ ಯಂತ್ರದ ಗುರುಗುರು.

"ಯಾರ ಜೊತೆ ಮಾತಾಡ್ತಿದಾನೆ ಅವನು?" ಎಂದು ಬೇಕರಿಯವನು ಕೇಳಿದ.

"ಯಾರೂ ಇಲ್ಲ ಅಪ್ಪ" ಎಂದಳು ಮಗಳು, ತಲೆ ಬಾಚಿಕೊಳ್ಳುತ್ತ. "ಗುಂಡಿ ಒತ್ತೋಕೆ ಮುಂಚೆ ಹಂಗೆ ಕೂಗ್ತಾನೆ. ಸುತ್ತ ಇರೋರೆಲ್ಲ ಕೈ ಎತ್ತಿ ತೋರಿಸಿ ಇಲ್ಲಿವೆ ಅನ್ಬೇಕು. ಯಾರೂ ಇಲ್ಲದಿದ್ರೆ ತಾನೇ ಹೇಳ್ಕೋತಾನೆ. ಆಸ್ಪತ್ರೆ ಅಡುಗೆಮನೇಲಿ ಅವನಿಗೆ ಕೈ ಮೇಷ್ಟ್ರು ಅಂತಾನೇ ಹೆಸರು."

"ನಿಂಗೆ ಹೇಗೆ ಗೊತ್ತು?"

"ತಿಂಗಳಿಗೊಂದು ಸಲ ಹೋಗ್ತೀನಲ್ಲ. ಗೊತ್ತಿದ್ದೂ ಕೇಳ್ತೀಯ."

ಅವನು ಗೋಡೆಯ ಕಡೆ ಹೊರಳಿದ.

ಆ ಗೋಡೆಯ ಕಡೆ ಹೊರಳಿದವನಿಗೆ ಏನು ಕಾಣಿಸಿತು ಅನ್ನುವುದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಹಿಟ್ಟು ಕಲಸುವ ಯಂತ್ರಕ್ಕೆ ಮೇಲೊಂದು ಕಂಬಿಯ ಜಾಲರಿ ಇರುತ್ತದೆ. ಜಾಲರಿ ಎತ್ತಿದರೆ ಯಂತ್ರ ತಾನಾಗಿ ನಿಲ್ಲಬೇಕು, ಇಳಿಸುವ ತನಕ ಏನು ಒತ್ತಿದರೂ ತಿರುಗಬಾರದು. ಅದಕ್ಕೆಂದೇ ಜಾಲರಿಯ ಕೀಲಿನಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡ ಸ್ವಿಚ್ಚು. ಹಿಟ್ಟು ಸೇರಿಸಲು ಪ್ರತಿ ಸಲ ಯಂತ್ರ ನಿಂತರೆ ಹೊತ್ತು ಹಾಳು ಎಂದು ಬೇಕರಿಯವನು ಆ ಸ್ವಿಚ್ಚನ್ನು ಅದುಮಿ, ತಾಮ್ರದ ತಂತಿ ಸುತ್ತಿ ಬಿಗಿದಿದ್ದ. ವರ್ಷಗಟ್ಟಲೆ ಹಾಗೇ ನಡೆದಿತ್ತು, ಏನೂ ಆಗಿರಲಿಲ್ಲ. ಏನೂ ಆಗದಿದ್ದ ದಿನಗಳೇ ಅವನಿಗೆ ಸಾಕ್ಷಿ.

ಹದಿನಾಲ್ಕು ವರ್ಷದ ಹಿಂದೆ ಒಂದು ಸಂಜೆ, ಯಂತ್ರ ನಿಂತಿದ್ದಾಗ, ಹದಿಮೂರರ ಮಗಳು ಜಾಲರಿ ಎತ್ತಿ, ಒಳಗೆ ಕೈ ಹಾಕಿ ಅಂಟಿದ ಹಿಟ್ಟನ್ನು ಕೆರೆಯುತ್ತಿದ್ದಳು. ದಿನವೂ ಅವಳದ್ದೇ ಕೆಲಸ ಅದು. ಬೇಕರಿಯವನ ತಮ್ಮ ಹೆಗಲ ಮೇಲೆ ಮೂಟೆ ಹೊತ್ತು ಬಂದ. ಮೂಟೆಯ ಮರೆಯಲ್ಲಿ ಹುಡುಗಿ ಕಾಣಲಿಲ್ಲ. ಹಸಿರು ಗುಂಡಿ ಒತ್ತಿದ. ಜಾಲರಿ ಎತ್ತಿದ್ದರೂ ಯಂತ್ರ ತಿರುಗಿತು.

ಹುಡುಗಿಯನ್ನು ತಮ್ಮ ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಬೇಕರಿಯವನು ಅವನ ಹಿಂದೆ ಓಡಬೇಕಿತ್ತು. ಓಡುವ ಮುಂಚೆ ತಂತಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಅಷ್ಟೇ. ಮುಂದಿನ ಹದಿನಾಲ್ಕು ವರ್ಷವೆಲ್ಲ ಆ ಅರ್ಧ ನಿಮಿಷದ ಬಾಲ. ವಿಚಾರಣೆಗೆ ಬಂದವರಿಗೆ, "ನೋಡದೆ ಒತ್ತಿದ" ಎಂದು ತಮ್ಮನ ಕಡೆ ಬೆರಳು ತೋರಿಸಿದ. ಯಂತ್ರದ ಕೀಲನ್ನು ತಮ್ಮ ಒಮ್ಮೆ ನೋಡಿದ, ಅಣ್ಣನ ಮುಖವನ್ನು ಒಮ್ಮೆ ನೋಡಿದ, "ಹೌದು, ಒತ್ತಿದ್ದು ನಾನೇ" ಅಂದ. ಅವತ್ತೇ ಅವನ ಪೆಟ್ಟಿಗೆ ಬೀದಿಗೆ ಬಿತ್ತು. ಎಸೆದದ್ದು ಬೇಕರಿಯವನೇ.

ಹಾಗಾಗಿ ಪ್ರಾರ್ಥನೆಯ ಆ ಸಾಲಿನ ಮೊದಲರ್ಧ ಅವನ ಗಂಟಲಿಗೆ ಸಿಕ್ಕಿಕೊಳ್ಳುತ್ತಿರಲಿಲ್ಲ. ಎರಡನೆಯ ಅರ್ಧ, ನಾವು ಮಾಡಿದ್ದನ್ನು ಮನ್ನಿಸು ಅನ್ನುವುದು, ಸಿಕ್ಕಿಕೊಳ್ಳುತ್ತಿತ್ತು. ಚರ್ಚಿನಲ್ಲಿ ಪಾದ್ರಿಗಳು ಹಂಚುವ ಪ್ರಭುಭೋಜನದ ರೊಟ್ಟಿಯನ್ನು ಪ್ರತಿ ಶನಿವಾರ ಅವನೇ ಸುಡುತ್ತಿದ್ದ, ಭಾನುವಾರ ಕಡೆಯ ಬೆಂಚಿನಲ್ಲಿ ಕೂತು ಎಲ್ಲರೂ ಅದನ್ನು ತಿನ್ನುವುದನ್ನು ನೋಡಿ ಬರುತ್ತಿದ್ದ. ತಾನು ಅದನ್ನು ತೆಗೆದುಕೊಳ್ಳಲು ಏಳುತ್ತಿರಲಿಲ್ಲ.

ಒಂದು ವಾರ ಕಳೆಯಿತು, ಎರಡಾಯಿತು. ಚಿಕ್ಕವನು ಬೆಳಿಗ್ಗೆ ಬರುತ್ತಿದ್ದ, ಸಂಜೆ ಹೋಗುತ್ತಿದ್ದ. ಮೆಟ್ಟಿಲು ಹತ್ತುತ್ತಿರಲಿಲ್ಲ. ಮಧ್ಯಾಹ್ನ ಅವನ ಊಟದ ತಟ್ಟೆ ಮೇಲಿನಿಂದ ಕೆಳಗೆ ಹೋಗುತ್ತಿತ್ತು, ಹಿಡಿದುಕೊಂಡು ಹೋಗುವವಳು ಮಗಳು. ಅತ್ತಿಗೆ ಬಡಿಸುವಾಗ ಪಾತ್ರೆಗಳ ಮೇಲೆ ಸಿಟ್ಟು ತೀರಿಸುತ್ತಿದ್ದಳು, ಆದರೆ ತಟ್ಟೆಗೆ ಕಡಿಮೆ ಬಡಿಸುತ್ತಿರಲಿಲ್ಲ.

"ಚಿಕ್ಕಪ್ಪ ಇನ್ನೊಂಚೂರು ಅನ್ನ ಕೇಳಿದ" ಎಂದು ಮಗಳು ತಟ್ಟೆ ಹಿಡಿದು ಮೇಲೆ ಬಂದಳು.

"ಕೇಳಿದ್ನಾ? ನಾಚಿಕೆ ಇಲ್ವಾ ಅವನಿಗೆ?" ಎಂದಳು ತಾಯಿ, ಎರಡು ಸೌಟು ಸುರಿಯುತ್ತ.

"ಕೇಳಲಿಲ್ಲ. ತಟ್ಟೆ ನೆಕ್ಕಿದ ಹಾಗಿತ್ತು, ಅದಕ್ಕೆ ನಾನೇ ಅಂದೆ."

"ನಿಂದೇ ಕರುಣೆ ಹೆಚ್ಚಾಯ್ತು. ಆ ಕೈ ನೋಡ್ಕೊಂಡು ಹೇಗೆ ನಗ್ತೀಯ ಅವನ ಜೊತೆ, ಮಾರಾಯ್ತಿ?"

"ಇರೋ ಬೆರಳಲ್ಲಿ ತಟ್ಟೆ ಹಿಡಿಬಹುದು ಅಮ್ಮ. ಇಲ್ಲದ ಬೆರಳಲ್ಲಿ ಏನು ಹಿಡೀಲಿ?"

ಬೇಕರಿಯವನು ಊಟದ ಮೇಜಿನ ಹತ್ತಿರ ಕೂರುವಷ್ಟಾಗಿದ್ದ. ಕೆಲಸವಿಲ್ಲದ ಗಂಡಸು ಮನೆಯೊಳಗಿದ್ದರೆ ಹೆಂಗಸರಿಗೆ ಏನು ಕಷ್ಟ ಅನ್ನುವುದನ್ನು ಆ ಮನೆ ಹದಿನೈದು ದಿನದಲ್ಲಿ ಕಲಿಯಿತು. ಉಪ್ಪು ಹೆಚ್ಚು ಅಂದ. ಬಟ್ಟೆ ಸರಿಯಾಗಿ ಹಿಂಡಿಲ್ಲ ಅಂದ. ಕೆಳಗಿನಿಂದ ಬಂದ ಬ್ರೆಡ್ಡನ್ನು ಮೂಸಿ, ಅದುಮಿ, ಬೆಳಕಿಗೆ ಹಿಡಿದು, "ಯೀಸ್ಟು ಹೆಚ್ಚಾಗಿದೆ" ಅಂದ.

"ಗಿರಾಕಿಗಳು ಮೊದಲಿಗಿಂತ ಮೆತ್ತಗಿದೆ ಅಂತಿದಾರೆ" ಎಂದಳು ಮಗಳು.

"ಗಿರಾಕಿಗೇನು ಗೊತ್ತು? ಹಲ್ಲಿಲ್ಲದವರಿಗೆ ಎಲ್ಲಾ ಮೆತ್ತಗೆ ಬೇಕು."

"ನಂಗೆ ಹಲ್ಲಿಲ್ಲ" ಎಂದಳು ಅಜ್ಜಿ, ಮೂರನೆಯ ತುಂಡು ಹಾಲಿಗೆ ಅದ್ದುತ್ತ. "ಚೆನ್ನಾಗಿದೆ. ಅವನು ಮುಂಚಿಂದಾನೂ ಚೆನ್ನಾಗಿ ನಾದ್ತಾನೆ. ನೀನು ಹಿಟ್ಟಿಗೆ ಹೊಡೀತೀಯ, ಅವನು ಮಾತಾಡಿಸ್ತಾನೆ."

ಬೆಳಿಗ್ಗೆ ಐದೂವರೆಗೆ ಮಾತ್ರ ಬೇಕರಿಯವನು ಏನೂ ಅನ್ನುತ್ತಿರಲಿಲ್ಲ. "ಕೈ?" ಅನ್ನುವ ಕೂಗು ಬರುತ್ತಿತ್ತು. ಉತ್ತರ ಬರುವ ತನಕ ಅವನು ಉಸಿರು ಬಿಗಿಹಿಡಿದಿರುತ್ತಿದ್ದ. ಹೊದಿಕೆಯೊಳಗೆ ಅವನ ಎರಡು ಕೈಗಳೂ ಮುಷ್ಟಿಯಾಗಿರುತ್ತಿದ್ದವು. ಹೆಂಡತಿ ಅದನ್ನು ಕಂಡು, ತಮ್ಮನ ಮೇಲಿನ ಕೋಪ ಎಂದುಕೊಂಡಳು.

ನಾಲ್ಕನೆಯ ವಾರದ ಶನಿವಾರ ಯಂತ್ರ ಕೈಕೊಟ್ಟಿತು. ಶನಿವಾರ ಅಂದರೆ ಬೇಕರಿಗೆ ಭಾರದ ದಿನ. ಒಂದು ಮದುವೆ ಮನೆಯ ಬನ್ನು ಬೇರೆ, ಭಾನುವಾರದ ಚರ್ಚಿನ ರೊಟ್ಟಿ ಬೇರೆ. ರಿಪೇರಿಯವನು ಬಂದು ನೋಡಿ, ಜಾಲರಿಯ ಸ್ವಿಚ್ಚು ಸವೆದಿದೆ, ಸೋಮವಾರ ಹೊಸದು ತರುತ್ತೇನೆ ಎಂದು ಹೋದ. ಜಾಲರಿ ಇಳಿಸಿದರೂ ಎತ್ತಿದ್ದಾರೆ ಎಂದೇ ಯಂತ್ರಕ್ಕೆ ಭ್ರಮೆ, ಜಪ್ಪಯ್ಯ ಅಂದರೂ ತಿರುಗದು.

ಯಂತ್ರ ನಿಂತದ್ದು ಮೇಲೆ ಬೇಕರಿಯವನಿಗೆ ಗೊತ್ತಾದದ್ದು, ಸದ್ದು ಬರಲಿಲ್ಲ ಎಂಬುದರಿಂದ. ಅಡುಗೆಮನೆಯಲ್ಲಿ ಹೆಂಡತಿ ಒಲೆಯ ಮುಂದೆ, ಅಜ್ಜಿ ಕಿಟಕಿಯ ಹತ್ತಿರ, ಮಗಳು ಈರುಳ್ಳಿ ಹೆಚ್ಚುತ್ತಿದ್ದಳು. ಅವನು ಮೆಟ್ಟಿಲ ಬಾಗಿಲಿಗೆ ಬಂದು ನಿಂತ. ನಾಲ್ಕು ವಾರದಲ್ಲಿ ತಮ್ಮನ ಜೊತೆ ಆಡಿದ ಮೊದಲ ಮಾತು ಅದು.

"ಏನೋ ಅದು? ಯಾಕೆ ನಿಂತಿದೆ?"

ಕೆಳಗಿನಿಂದ, "ಸ್ವಿಚ್ಚು ಹೋಗಿದೆ ಅಣ್ಣ. ಸೋಮವಾರ ತನಕ ಆಗಲ್ಲ. ಕೈಯಲ್ಲೇ ನಾದ್ತೀನಿ."

"ನಲವತ್ತು ಕೆಜಿ ಕೈಯಲ್ಲಿ ನಾದ್ತೀಯಾ? ಹಿಟ್ಟು ಹುಳಿ ಬರತ್ತೆ ಅಷ್ಟು ಹೊತ್ತಿಗೆ. ಮದುವೆ ಮನೆಯೋರು ಬಾಗಿಲಲ್ಲಿ ಬಂದು ಕೂತ್ಕೊಳ್ಳಿ ಅಂತಾನಾ?"

"ನಾದ್ತೀನಿ ಅಣ್ಣ."

"ತಲೆ ಇದೆಯೋ ಇಲ್ವೋ ನಿಂಗೆ? ಒಂದು ತಂತಿ ಸುತ್ತಿ ಬಿಗಿದು ಓಡ್ಸೋ. ನಾನು ವರ್ಷಗಟ್ಟಲೆ ಹಂಗೇ ಓಡ್ಸಿಲ್ವಾ?"

ಹೇಳಿದ. ಹೇಳಿದ ಮೇಲೆ ಬಾಯಿ ಮುಚ್ಚಿದ. ಬಾಣಲೆಯ ಎಣ್ಣೆ ಚಟಪಟ ಅನ್ನುತ್ತಿತ್ತು. ಮಗಳ ಚಾಕು ಈರುಳ್ಳಿಯ ಮೇಲೆ ನಿಂತಿತು.

ಹೆಂಡತಿ ಒಲೆ ಆರಿಸಿದಳು. "ಏನಂದ್ರಿ?"

"ಏನಿಲ್ಲ."

"ಯಾವ ತಂತಿ?"

"ಏನಿಲ್ಲ ಅಂದ್ನಲ್ಲ."

"ಜಾಲರಿ ಎತ್ತಿದ್ರೆ ಯಂತ್ರ ತಿರುಗಲ್ಲ ಅಂತ ಆಗ ಬಂದವರು ಹೇಳಿದ್ರು. ಹಾಗಿದ್ರೆ ಹೇಗೆ ತಿರುಗ್ತು ಅಂತ ನಾನು ಎಷ್ಟು ಸಲ ಕೇಳಿದೀನಿ? ಏನಂದ್ರಿ ನೀವು? ಹಣೆಬರಹ ಅಂದ್ರಿ." ಅವಳ ದನಿ ಏರಲಿಲ್ಲ, ಅದೇ ಕೆಟ್ಟದ್ದು. "ತಂತಿ ಯಾರು ಕಟ್ಟಿದ್ದು?"

ಬೇಕರಿಯವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಹೊಟ್ಟೆಯ ಹೊಲಿಗೆ ಎಳೆಯುತ್ತಿತ್ತು. "ನಾನೇ" ಅಂದ. "ಬಿಚ್ಚಿದ್ದೂ ನಾನೇ."

ಅವಳು ಕೈಯಲ್ಲಿದ್ದ ಸೌಟನ್ನು ಮೇಜಿನ ಮೇಲಿಟ್ಟಳು. ಎಸೆಯಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅಗುಳಿ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಅಜ್ಜಿಗೂ.

"ನಿಮ್ಮಪ್ಪ ಇದ್ದಿದ್ರೆ ನಿನ್ನ ಬೆನ್ನು ಮುರೀತಿದ್ದ" ಎಂದಳು ಅಜ್ಜಿ. ಆಮೇಲೆ ಕಿಟಕಿಯ ಕಡೆ ತಿರುಗಿ, "ನಾನು ಮುದುಕಿ, ಅಳೋದಷ್ಟೇ" ಎಂದು ಸೆರಗು ಕಣ್ಣಿಗೊತ್ತಿಕೊಂಡಳು.

ಬೇಕರಿಯವನು ಹೋಗಿ ಹಾಸಿಗೆಯ ಅಂಚಿನಲ್ಲಿ ಕೂತ. ಕೆಳಗೆ ಹಲಗೆಯ ಮೇಲೆ ಹಿಟ್ಟು ಬೀಳುವ ಸದ್ದು ಶುರುವಾಯಿತು, ಧಪ್ಪ್, ಧಪ್ಪ್, ಒಂದೇ ಸಮ. ಎಷ್ಟೋ ಹೊತ್ತಾದ ಮೇಲೆ ಮಗಳು ತಟ್ಟೆಯಲ್ಲಿ ಊಟ ತಂದು ಮೊಣಕಾಲ ಮೇಲಿಟ್ಟಳು. ಈರುಳ್ಳಿ ಅರೆಬರೆ ಬೆಂದಿತ್ತು.

"ತಿನ್ನು. ಅಮ್ಮ ಬರಲ್ಲ, ನಾನೇ ಮಾಡಿದ್ದು. ಚೆನ್ನಾಗಿಲ್ಲ."

"ನೀನೂ ಬೈದುಬಿಡು ಪುಟ್ಟಿ."

"ಯಾಕೆ?"

"ಯಾಕೆ ಅಂದ್ರೆ? ಕೇಳಿಸ್ಲಿಲ್ವಾ ನಾನು ಹೇಳಿದ್ದು?"

ಅವಳು ಪಕ್ಕದಲ್ಲಿ ಕೂತಳು. "ಅಪ್ಪ, ಆ ಜಾಲರಿಗೆ ಅಂಟಿದ ಹಿಟ್ಟನ್ನ ದಿನಾ ಕೆರೀತಿದ್ದೋಳು ಯಾರು?"

ಅವನು ಅವಳನ್ನು ನೋಡಿದ.

"ಆ ತಂತಿ ಸಂದಿನಲ್ಲಿ ಹಿಟ್ಟು ಸೇರ್ಕೊಂಡು ಒಣಗ್ತಿತ್ತು. ಪಿನ್ನು ಹಾಕಿ ತೆಗೀತಿದ್ದೆ. ಮೂರು ಸುತ್ತು, ಬಲಗಡೆ ಒಂದು ಗಂಟು. ಆಸ್ಪತ್ರೆಯಿಂದ ಬಂದು ನೋಡಿದೆ, ತಂತಿ ಇರಲಿಲ್ಲ."

"ಅವತ್ತಿಂದ ಗೊತ್ತಾ ನಿಂಗೆ?"

"ಅವತ್ತಿಂದ."

"ಯಾರಿಗೂ ಹೇಳಲಿಲ್ವಾ?"

"ನೀನೇ ಹೇಳ್ತೀಯ ಅಂತ ಕಾದೆ." ಅವಳು ತಟ್ಟೆಯಲ್ಲಿದ್ದ ಬ್ರೆಡ್ಡಿನ ತುಂಡನ್ನು ಎರಡು ಬೆರಳಲ್ಲಿ ಮುರಿದಳು. "ಮೊದಲ ಒಂದು ವರ್ಷ ಪ್ರಾರ್ಥನೇಲಿ ನಾನೂ ರೊಟ್ಟಿಗೆ ನಿಲ್ತಿದ್ದೆ. ನೀನು ನೋಡಲಿಲ್ಲ, ಬಾಯಿ ಅಲ್ಲಾಡಿಸ್ತಿದ್ದೆ ಅಷ್ಟೆ. ನಿನ್ನ ಮುಖ ಕಂಡ್ರೆ ಆಗ್ತಿರಲಿಲ್ಲ. ಆಮೇಲೆ ಒಂದು ಭಾನುವಾರ ರೊಟ್ಟಿ ತಗೊಳ್ಳೋಕೆ ಸಾಲಲ್ಲಿ ನಿಂತು ಎಡಗೈ ಚಾಚಿದೆ. ಬಲಗೈ ಲಂಗದ ಜೇಬಲ್ಲಿ. ಪಾದ್ರಿಗಳು ಕೊಡದೆ ಕಾದ್ರು. ಏನೂ ಅನ್ನಲಿಲ್ಲ, ಸುಮ್ನೆ ಕಾದ್ರು. ಹಿಂದೆ ಜನ ಕೆಮ್ಮೋಕೆ ಶುರು ಮಾಡಿದ್ರು. ಕೊನೆಗೆ ಈ ಕೈ ತೆಗೆದೆ. ಇದರ ಮೇಲೇ ಇಟ್ರು. ನೀನು ಸುಟ್ಟ ರೊಟ್ಟಿ."

ಅವನು ಆ ಕೈಯನ್ನೇ ನೋಡುತ್ತಿದ್ದ.

"ಮುಚ್ಚಿಟ್ಟ ಕೈಗೇ ಕೊಡೋದು ಅವನು ಅಂತ ಅವತ್ತು ಅನ್ನಿಸ್ತು. ಪಾದ್ರಿಗಳಲ್ಲ, ಮೇಲಿನವನು. ತಿರುಗಿ ನೋಡಿದೆ, ನೀನು ಕಡೇ ಬೆಂಚಲ್ಲಿ ಕೂತಿದ್ದೆ. ಅವತ್ತು ಮನೆಗೆ ಬಂದು ಆ ಸಾಲು ಗಟ್ಟಿಯಾಗಿ ಹೇಳಿದೆ. ಆವಾಗಿಂದ ದಿನಾ ಎರಡು ಹೊತ್ತು ಹೇಳ್ತೀನಿ. ಎಲ್ರೂ ಚಿಕ್ಕಪ್ಪನ ನೆನೆಸ್ಕೋತಾಳೆ ಅಂದ್ಕೊಂಡಿದಾರೆ." ಅವಳು ತುಂಡನ್ನು ಅವನ ಕೈಗಿಟ್ಟಳು. "ನಾನು ಹೇಳ್ತಿದ್ದಿದ್ದು ನಿನ್ನ ನೆನೆಸ್ಕೊಂಡು ಅಪ್ಪ."

ಐವತ್ತೆಂಟರ ಗಂಡಸು, ಮೂಟೆ ಹೊತ್ತ ಹೆಗಲು, ಸುಟ್ಟು ಮರಗಟ್ಟಿದ ಅಂಗೈ. ತಟ್ಟೆ ಮೊಣಕಾಲಿಂದ ಜಾರಿ ಬಿತ್ತು. ಮಗಳು ತಟ್ಟೆಯನ್ನು ಎತ್ತಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟು, "ಮೆಲ್ಲಗೆ ಅಳು, ಹೊಲಿಗೆ ಬಿಚ್ಚತ್ತೆ" ಅಂದಳು.

ಮೂರು ಗಂಟೆಯ ಹೊತ್ತಿಗೆ ಅವನು ಮೆಟ್ಟಿಲು ಇಳಿದ, ಒಂದೊಂದೇ, ಗೋಡೆ ಹಿಡಿದುಕೊಂಡು. ಬನಿಯನ್ನಿನಲ್ಲಿ ತಮ್ಮ ಹಲಗೆಯ ಮುಂದೆ ನಿಂತು ನಾದುತ್ತಿದ್ದ. ತಲೆಗೂದಲೆಲ್ಲ ನೆರೆತಿತ್ತು, ಹಿಟ್ಟಿನ ಬಿಳಿಯೋ ವಯಸ್ಸಿನ ಬಿಳಿಯೋ ಹೇಳಲಾಗದ ಹಾಗೆ. ಹದಿನಾಲ್ಕು ವರ್ಷದಲ್ಲಿ ಕಿವಿಯ ಮೇಲೆಲ್ಲ ಕೂದಲು ಬೆಳೆಸಿಕೊಂಡಿದ್ದಾನೆ, ಥೇಟು ಅಪ್ಪನ ಹಾಗೆ ಎಂದು ಬೇಕರಿಯವನಿಗೆ ಅನ್ನಿಸಿತು.

"ನೀನು ಇಳಿಬಾರದು ಅಣ್ಣ. ಡಾಕ್ಟ್ರು ಬೈತಾರೆ."

"ತಂತಿ ನಾನೇ ಬಿಚ್ಚಿದ್ದು."

"ಗೊತ್ತು."

"ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ?"

ತಮ್ಮ ಹಿಟ್ಟನ್ನು ತಿರುವಿ ಹಾಕಿದ. "ಒತ್ತಿದ್ದು ನನ್ನ ಬೆರಳೇ ಅಲ್ವಾ. ನೋಡಿ ಒತ್ತಬೇಕಿತ್ತು. ಆಗ್ಲೇ ಮಗು ಮೂರು ಬೆರಳು ಕಳ್ಕೊಂಡಿತ್ತು. ಅಪ್ಪನ್ನೂ ಕಳ್ಕೊಳ್ಳೋದು ಬೇಡ ಅಂತ."

"ನಿನ್ನ ಪೆಟ್ಟಿಗೆ ಬೀದಿಗೆ ಎಸೆದೆನಲ್ಲೋ."

"ಬೀಗ ಮುರೀತು. ಒಳ್ಳೇ ಪೆಟ್ಟಿಗೆ ಅದು." ಸ್ವಲ್ಪ ಹೊತ್ತು ನಾದಿದ. "ಸಿಟ್ಟು ಬರಲಿಲ್ಲ ಅಂತ ಅಲ್ಲ. ಬಂತು. ಎರಡು ಮೂರು ವರ್ಷ ನಿನ್ನ ಹೆಸರು ಎತ್ತಿದ್ರೆ ಎದ್ದು ಹೋಗ್ತಿದ್ದೆ. ಆಮೇಲೆ ಒಂದಿನ ಆಸ್ಪತ್ರೇಲಿ ಒಬ್ಬ ಮುದುಕ, ಸಾಯೋ ಹಂಗಿದ್ದ, ನನ್ನ ಕೈ ಹಿಡ್ಕೊಂಡು, ಬ್ರೆಡ್ಡು ಚೆನ್ನಾಗಿದೆ, ದೇವರು ನಿನ್ನ ಕೈ ಚೆನ್ನಾಗಿಟ್ಟಿರಲಿ ಅಂದ. ಈ ಕೈನ. ಅದಕ್ಕಿಂತ ಜಾಸ್ತಿ ಏನು ಮನ್ನಿಸ್ತಾನೆ ದೇವರು? ನನ್ನದನ್ನೇ ಬಿಟ್ಟ ಮೇಲೆ ನಿನ್ನದನ್ನ ಹಿಡ್ಕೊಂಡು ನಾನೇನು ಮಾಡ್ಲಿ?"

ಬೇಕರಿಯವನು ಅಲ್ಲೇ ಮೂಟೆಯ ಮೇಲೆ ಕೂತ. "ತಪ್ಪಾಯ್ತು ಕಣೋ" ಅಂದ. ಇಷ್ಟು ಚಿಕ್ಕ ಮಾತು ಹೊರಬರಲು ಇಷ್ಟು ವರ್ಷ ಬೇಕಾಯಿತು. ತಮ್ಮ ಹಿಟ್ಟಿನ ಕೈಯಲ್ಲೇ ಅವನ ತಲೆ ಹಿಡಿದು ಹೊಟ್ಟೆಗೆ ಒತ್ತಿಕೊಂಡ. ಅಣ್ಣನ ಕೂದಲೂ ಬಿಳಿಯಾಯಿತು.

ಮದುವೆ ಮನೆಯವರಿಗೆ ಬನ್ನು ಒಂದು ಗಂಟೆ ತಡವಾಗಿ ಹೋಯಿತು. ಯಾರೂ ಸಾಯಲಿಲ್ಲ.

ಭಾನುವಾರ ಬೇಕರಿಯವನು ಕಡೆಯ ಬೆಂಚಿನಿಂದ ಎದ್ದ. ಹೊಟ್ಟೆಯ ಪಟ್ಟಿ ಹಿಡಿದುಕೊಂಡು ಸಾಲಿನಲ್ಲಿ ನಿಂತ, ಎರಡೂ ಕೈ ಚಾಚಿದ. ತಮ್ಮ ನಾದಿದ ರೊಟ್ಟಿ ಅಂಗೈ ಮೇಲೆ ಬಿತ್ತು. ಅವತ್ತು ಮಧ್ಯಾಹ್ನ ಚಿಕ್ಕವನು ಮೊದಲ ಸಲ ಮೆಟ್ಟಿಲು ಹತ್ತಿ ಮೇಜಿನ ಹತ್ತಿರ ಕೂತ. ಪ್ರಾರ್ಥನೆ ಶುರುವಾಯಿತು, ರೊಟ್ಟಿಗೆ ಬಂತು. ಬೇಕರಿಯವನು ಉಸಿರೆಳೆದುಕೊಂಡು ಮುಂದಿನ ಸಾಲಿಗೆ ಕಾಲಿಟ್ಟ, ಎರಡೂ ಅರ್ಧ ಹೇಳಿದ. ಮುಗಿಸಿದಾಗ ಎಲ್ಲೋ ಒಂದು ದನಿ ಕಡಿಮೆಯಿತ್ತು.

ಹೆಂಡತಿ ರೊಟ್ಟಿಗೆ ನಿಂತಿದ್ದಳು.

"ಯಾಕೋ ಇವತ್ತು ಪ್ರಾರ್ಥನೆ ಉದ್ದ ಆಯ್ತು" ಎಂದಳು ಅಜ್ಜಿ. "ಬಡಿಸ್ರಿ, ಆರಿಹೋಯ್ತು."

ಹೆಂಡತಿ ಬಡಿಸಿದಳು. ಮೈದುನನಿಗೆ ಎರಡು ಸೌಟು, ಮೊದಲ ಸಲ ಅವನ ಮುಖ ನೋಡಿ, "ಇನ್ನೊಂಚೂರು ಹಾಕ್ಕೋ, ನಾಚ್ಕೋಬೇಡ" ಎಂದು ಹೇಳಿ. ಗಂಡನ ತಟ್ಟೆಗೂ ಬಡಿಸಿದಳು, ಮಾತಿಲ್ಲದೆ. ಅವಳು ಗಂಡನ ಜೊತೆ ಮಾತು ಬಿಟ್ಟು ಮೂರು ವಾರ ದಾಟಿತು. ಒಗೆದ ಬಟ್ಟೆ ಮಡಿಸಿ ಇಡುತ್ತಿದ್ದಳು, ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದಳು, ಊಟಕ್ಕೆ ಮುಂಚೆ ಎಲ್ಲರ ಜೊತೆ ಶುರು ಮಾಡಿ ರೊಟ್ಟಿಗೆ ನಿಲ್ಲುತ್ತಿದ್ದಳು. ಆ ಸಾಲಿನ ಹೊತ್ತಿಗೆ ಪಕ್ಕದ ಕುರ್ಚಿ ಸುಮ್ಮನಾದರೆ ಹೇಗಿರುತ್ತದೆ ಎಂದು ಬೇಕರಿಯವನಿಗೆ ಈಗ ಗೊತ್ತಾಯಿತು.

"ಎಷ್ಟು ದಿನ ಹೀಗೆ ಪುಟ್ಟಿ?" ಎಂದು ಮಗಳನ್ನು ಕೇಳಿದ.

"ನಂಗೆ ಒಂದು ವರ್ಷ ಬೇಕಾಯ್ತು. ಅಮ್ಮಂಗೆ ಅವಸರ ಮಾಡಬೇಡ. ಪಾದ್ರಿಗಳ ಹಾಗೆ ಸುಮ್ನೆ ಕಾಯಿ."

ಅವನು ಕಾದ. ಬೈಗುಳ ಇಲ್ಲ, ಉಪ್ಪು ಹೆಚ್ಚು ಅನ್ನಲಿಲ್ಲ. ಆರು ವಾರ ಮುಗಿದು, ಇನ್ನೂ ಒಂದು ವಾರ ಹೋಗಿ, ಡಾಕ್ಟರು ಸರಿ ಅಂದ ಮೇಲೆ ಕೆಲಸಕ್ಕೆ ಇಳಿದ. ಆಸ್ಪತ್ರೆಯ ಕೆಲಸ ಬಿಟ್ಟು ತಮ್ಮ ಇಲ್ಲೇ ಉಳಿಯುವುದು ಎಂದಾಗಿತ್ತು. ಯಂತ್ರಕ್ಕೆ ಹೊಸ ಸ್ವಿಚ್ಚು ಬಂದಿತ್ತು. ಮೊದಲ ಹಿಟ್ಟು ಸುರಿದು, ಜಾಲರಿ ಇಳಿಸಿದರು. ಮಗಳು ಅಂಗಡಿಯ ಕಡೆಯಿಂದ ಬಂದು ನಿಂತಳು.

"ಕೈ?" ಎಂದು ತಮ್ಮ ಕೂಗಿದ.

"ಎರಡೂ ಇಲ್ಲಿವೆ ಕಣೋ" ಎಂದು ಬೇಕರಿಯವನು ಎತ್ತಿ ತೋರಿಸಿದ.

"ಏಳೂ ಇಲ್ಲಿವೆ" ಎಂದಳು ಮಗಳು.

ತಮ್ಮ ಗುಂಡಿಯ ಕಡೆ ಬೆರಳು ತಂದವನು ನಿಂತ. ಮರದ ಮೆಟ್ಟಿಲು ಕಿರ್ರೆಂದಿತು. ಮೂವರೂ ತಲೆಯೆತ್ತಿ ನೋಡಿದರು. ಹದಿನಾಲ್ಕು ವರ್ಷ ಇಳಿಯದಿದ್ದ ಮೆಟ್ಟಿಲನ್ನು ಅವಳು ಇಳಿದು ಬಂದಿದ್ದಳು, ಕೊನೆಯ ಮೆಟ್ಟಿಲಲ್ಲಿ ನಿಂತಿದ್ದಳು, ಒಂದು ಕೈಯಲ್ಲಿ ನಾಲ್ಕು ಲೋಟದ ತಟ್ಟೆ, ಇನ್ನೊಂದು ಕೈ ಗೋಡೆಯ ಮೇಲೆ. ಯಂತ್ರವನ್ನು ನೋಡಿದಳು. ಮಗಳ ಕೈಯನ್ನು ನೋಡಿದಳು. ಆಮೇಲೆ ಗಂಡನ ಎತ್ತಿದ ಎರಡು ಕೈಗಳನ್ನು ನೋಡಿದಳು, ಬಹಳ ಹೊತ್ತು. ಅವನು ಇಳಿಸಲಿಲ್ಲ.

ಅವಳು ಲೋಟದ ತಟ್ಟೆಯನ್ನು ಮೂಟೆಯ ಮೇಲಿಟ್ಟು, ಎರಡೂ ಕೈ ಎತ್ತಿ ಹಿಡಿದಳು.

"ನಂದೂ ಇಲ್ಲೇ ಇವೆ" ಅಂದಳು, ಗಂಡನ ಕಡೆ ನೋಡುತ್ತಲೇ. "ಒತ್ತು."